ದೇಸಾಯಿಯವರ ಕಪಾಟು

ಕರ್ನಾಟಕದಲ್ಲಿ ಕನ್ನಡ ಶಾಲೆಗೆ ಹೋದ ಎಷ್ಟೋ ಮಕ್ಕಳು ಬಾಯಿಪಾಠ ಮಾಡಿದ ಮೊದಮೊದಲ ಪದ್ಯಗಳಲ್ಲಿ ದಿನಕರ ದೇಸಾಯಿಯವರದ್ದೂ ಒಂದು. ಕವಿಯ ಹೆಸರು ನೆನಪಿರಲಿಕ್ಕಿಲ್ಲ. 'ಗಂಟೆಯ ನೆಂಟನೆ ಓ ಗಡಿಯಾರ' ಅಂದ ಕೂಡಲೇ ಮುಂದಿನ ಸಾಲು ತಾನಾಗಿಯೇ ಬಾಯಿಗೆ ಬರುತ್ತದೆ. ದೇಸಾಯಿ ಅನ್ನೋ ಹೆಸರು ನಮ್ಮ ಮಕ್ಕಳ ಕಿವಿಗೆ ಬೀಳುವುದು ಇನ್ನೊಂದು ದಾರಿಯಲ್ಲಿ. ತಾಲ್ಲೂಕು ತಾಲ್ಲೂಕಿನಲ್ಲೂ ಮೊರಾರ್ಜಿ ದೇಸಾಯಿ ವಸತಿ ಶಾಲೆ ಇದೆ. ಪ್ರಧಾನಿಯಾಗಿದ್ದ ಆ ಮೊರಾರ್ಜಿ ಕೂಡ ತಮ್ಮ ಜೀವನಕಥೆಯನ್ನು ಸಂಪುಟಗಟ್ಟಲೆ ಬರೆದಿಟ್ಟಿದ್ದಾರೆ.

ಪುಸ್ತಕಗಳನ್ನು ಮನೆಯಲ್ಲಿ ಹೇಗೆ ಜೋಡಿಸಬೇಕು ಅನ್ನೋದಕ್ಕೆ ಒಬ್ಬೊಬ್ಬರದು ಒಂದೊಂದು ಪದ್ಧತಿ. ಕೆಲವರು ಭಾಷೆ ನೋಡಿ ಇಡುತ್ತಾರೆ, ಕೆಲವರು ಕಥೆ, ಕವನ, ವಿಚಾರ ಅಂತ ವಿಂಗಡಿಸುತ್ತಾರೆ. ನಾನು ಒಂದು ಸಲ ಸುಮ್ನೆ ಮನೆತನದ ಹೆಸರು ನೋಡಿ ಜೋಡಿಸಿದೆ. ಕುಲಕರ್ಣಿಗಳು ಒಂದು ಕಡೆ, ರಾವ್‌ಗಳು ಒಂದು ಕಡೆ, ಭಟ್ಟರು ಇನ್ನೊಂದು ಕಡೆ. ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ದೇಸಾಯಿಗಳ ಸಾಲು. ಕನ್ನಡ, ಮರಾಠಿ, ಗುಜರಾತಿ, ಇಂಗ್ಲಿಷ್ ಎಲ್ಲ ಒಂದೇ ಕಡೆ ಬಂದು ಕೂತವು. ಚುಟುಕದ ಪಕ್ಕದಲ್ಲಿ ಶಾಸನ, ಅದರ ಪಕ್ಕದಲ್ಲಿ ಪೇಶ್ವೆಯ ಕಾದಂಬರಿ, ಆಮೇಲೆ ಬೂಕರ್ ಪ್ರಶಸ್ತಿ. ಇವರಲ್ಲಿ ಹೆಚ್ಚಿನವರು ಒಬ್ಬರಿಗೊಬ್ಬರು ಏನೂ ಆಗಬೇಕಾದವರಲ್ಲ. ಜಾತಿ ಬೇರೆ, ಊರು ಬೇರೆ, ಬರೆದ ಕಾಲವೂ ಬೇರೆ.

ಇಷ್ಟು ಬೇರೆಬೇರೆ ಜನರಿಗೆ ಒಂದೇ ಹೆಸರು ಬಂದದ್ದಕ್ಕೆ ಕಾರಣ ಸರಳ. ದೇಸಾಯಿ ಅನ್ನೋದು ಒಂದು ಹುದ್ದೆಯಾಗಿತ್ತು. ದಖ್ಖನ್ನಿನ ಸುಲ್ತಾನರ ಕಾಲದಲ್ಲೂ ಮುಂದೆ ಮರಾಠರ ಕಾಲದಲ್ಲೂ ಒಂದು ಪರಗಣೆಯ ಹಳ್ಳಿಗಳ ಕಂದಾಯ ಎತ್ತಿ ಮೇಲಿನವರಿಗೆ ಮುಟ್ಟಿಸುವ ಹೊಣೆ ಅವನದು. ಲೆಕ್ಕ ಇಡುವವನು ದೇಶಪಾಂಡೆ. ಹಳ್ಳಿಯ ಮಟ್ಟದಲ್ಲಿ ಗೌಡ, ಕುಲಕರ್ಣಿ. ದುಡಿಮೆಗೆ ಪ್ರತಿಯಾಗಿ ಇನಾಮು ಜಮೀನು, ವತನ. ತಂದೆಯಿಂದ ಮಗನಿಗೆ ಹುದ್ದೆ ಬರುತ್ತಿದ್ದ ಕಾರಣ ಅದೇ ಹೆಸರೂ ಆಯಿತು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ದೇಸಾಯರ ವಾಡೆ ಇನ್ನೂ ಅಲ್ಲಲ್ಲಿ ನಿಂತಿದೆ. 1824ರಲ್ಲಿ ಇಂಗ್ಲಿಷರ ಮೇಲೆ ಕತ್ತಿ ಎತ್ತಿದ ಚೆನ್ನಮ್ಮನ ಕಿತ್ತೂರು ಕೂಡ ದೇಸಾಯರ ಸಂಸ್ಥಾನವೇ. ಸ್ವಾತಂತ್ರ್ಯ ಬಂದ ಮೇಲೆ, 1950ರಲ್ಲಿ ಮುಂಬಯಿ ಸರ್ಕಾರ ಪರಗಣೆ ಮತ್ತು ಕುಲಕರ್ಣಿ ವತನಗಳನ್ನು ಕಾಯ್ದೆ ಮಾಡಿ ರದ್ದುಪಡಿಸಿತು. ಹುದ್ದೆ ಹೋಯಿತು, ಹೆಸರು ಉಳಿಯಿತು.

ಕಂದಾಯ ಎತ್ತುವವನ ಹೆಸರು ಹೊತ್ತವರು ಏನು ಬರೆದರು ಅಂತ ನೋಡುತ್ತ ಹೋದರೆ ಮೊದಲು ಸಿಗುವುದು ಕಂದಾಯ ಕೊಡಬೇಡಿ ಅಂದವರ ಕಥೆ. ಮಹಾದೇವ ದೇಸಾಯಿ ಗಾಂಧೀಜಿಯವರ ಕಾರ್ಯದರ್ಶಿಯಾಗಿದ್ದವರು. 1917ರಲ್ಲಿ ಅವರ ಜೊತೆ ಸೇರಿ, 1942ರ ಆಗಸ್ಟ್ 15ರಂದು ಪುಣೆಯ ಆಗಾ ಖಾನ್ ಅರಮನೆಯ ಸೆರೆಯಲ್ಲಿ ತೀರಿಕೊಳ್ಳುವವರೆಗೂ ಜೊತೆಗೇ ಇದ್ದರು. ಅವರು ಹುಟ್ಟಿದ್ದು ಸೂರತ್ ಜಿಲ್ಲೆಯ ಸರಸ್ ಎಂಬ ಹಳ್ಳಿಯಲ್ಲಿ. ಅದೇ ಜಿಲ್ಲೆಯ ಬಾರ್ಡೋಲಿ ತಾಲ್ಲೂಕಿನಲ್ಲಿ ಸರ್ಕಾರ ಕಂದಾಯ ಏರಿಸಿದಾಗ, 1928ರಲ್ಲಿ ರೈತರು ವಲ್ಲಭಭಾಯಿ ಪಟೇಲರ ಮುಂದಾಳುತನದಲ್ಲಿ ಒಂದು ಕಾಸೂ ಕೊಡುವುದಿಲ್ಲ ಅಂತ ನಿಂತರು. ಜಪ್ತಿಗೆ ಬಂದವರ ಕೈಗೆ ಸಿಗದಂತೆ ದನ ಎಮ್ಮೆಗಳನ್ನು ಮನೆಯೊಳಗೇ ಕೂಡಿಕೊಂಡು, ಬಾಗಿಲು ಹಾಕಿ ದಿನ ಕಳೆದರು. ಆ ಹೋರಾಟದ ಇತಿಹಾಸವನ್ನು ಮಹಾದೇವ ದೇಸಾಯಿ 'ದ ಸ್ಟೋರಿ ಆಫ್ ಬಾರ್ಡೋಲಿ' ಎಂಬ ಪುಸ್ತಕ ಮಾಡಿದರು.

ಮಹಾದೇವರನ್ನು ಗಾಂಧಿಯ ನೆರಳು ಅಂತ ಕರೆದು ಮುಗಿಸಿಬಿಡುವುದು ನನಗೆ ಯಾವತ್ತೂ ಸರಿ ಕಂಡಿಲ್ಲ. ಗಾಂಧಿಯ ಆತ್ಮಕಥೆಯನ್ನು ಜಗತ್ತು ಓದಿದ್ದು ಇವರು ಮಾಡಿದ ಇಂಗ್ಲಿಷಿನಲ್ಲಿ. ನೆಹರೂ ಆತ್ಮಕಥೆಯನ್ನು ಗುಜರಾತಿಗೆ ತಂದವರೂ ಇವರೇ. ದಿನವಿಡೀ ಪತ್ರ, ಸಭೆ, ಪ್ರಯಾಣ. ಅದರ ನಡುವೆಯೇ ವರ್ಷಗಟ್ಟಲೆ ದಿನಚರಿ ಬರೆದರು. ಆ ದಿನಚರಿಗೆ 1955ರಲ್ಲಿ, ಅವರು ಹೋಗಿ ಹದಿಮೂರು ವರ್ಷವಾದ ಮೇಲೆ, ಗುಜರಾತಿ ಭಾಷೆಯ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮಗ ನಾರಾಯಣ ದೇಸಾಯಿ ಆಶ್ರಮದಲ್ಲೇ ಬೆಳೆದ ಹುಡುಗ. ಮುಂದೆ ತಂದೆಯ ಜೀವನಚರಿತ್ರೆ ಬರೆದು ಅವರೂ 1993ರಲ್ಲಿ ಅದೇ ಪ್ರಶಸ್ತಿ ಪಡೆದರು. ತಂದೆ ಬರೆದದ್ದು ಗಾಂಧಿಯ ದಿನಗಳನ್ನು. ಆ ದಿನಗಳಲ್ಲಿ ತಂದೆ ಎಲ್ಲಿದ್ದ, ಏನು ಪಟ್ಟ ಅನ್ನೋದನ್ನು ಬರೆಯಲು ಮಗನೇ ಬರಬೇಕಾಯಿತು.

ಬಾರ್ಡೋಲಿಯ ಪುಸ್ತಕ ಓದುವಾಗ ಕನ್ನಡದವರಿಗೆ ಅಂಕೋಲೆ ನೆನಪಾಗದೆ ಇರುವುದಿಲ್ಲ. ಉಪ್ಪಿನ ಸತ್ಯಾಗ್ರಹದಲ್ಲಿ, ಅದರ ಹಿಂದೆಯೇ ಬಂದ ಕರನಿರಾಕರಣೆಯಲ್ಲಿ ಅಂಕೋಲೆಯ ಜನ ಎಷ್ಟು ಗಟ್ಟಿಯಾಗಿ ನಿಂತರು ಅಂದರೆ ಆ ತಾಲ್ಲೂಕಿಗೆ ಕರ್ನಾಟಕದ ಬಾರ್ಡೋಲಿ ಅಂತಲೇ ಹೆಸರಾಯಿತು. ದಿನಕರ ದೇಸಾಯಿ ಆ ಅಂಕೋಲೆಯವರು.

1909ರಲ್ಲಿ ಹುಟ್ಟಿದ ದಿನಕರರು ಓದು ಮುಗಿಸಿ, ಗೋಖಲೆ ಕಟ್ಟಿದ ಭಾರತ ಸೇವಕ ಸಮಾಜ ಸೇರಿದರು. ಉತ್ತರ ಕನ್ನಡದ ಗೇಣಿದಾರರ ಪರವಾಗಿ ರೈತಕೂಟ ಕಟ್ಟಿದರು. ಆ ಜಿಲ್ಲೆಯಲ್ಲಿ ಹೊಲ ಒಬ್ಬರದು, ಬೆವರು ಇನ್ನೊಬ್ಬರದು. ಬೆಳೆದ ಭತ್ತದಲ್ಲಿ ದೊಡ್ಡ ಪಾಲು ಒಡೆಯನ ಕಣಜಕ್ಕೆ ಹೋಗುತ್ತಿತ್ತು. ಇದನ್ನು ಪ್ರಶ್ನೆ ಮಾಡಿದ್ದಕ್ಕೆ ಬ್ರಿಟಿಷ್ ಸರ್ಕಾರ ಅವರನ್ನು ಐದು ವರ್ಷ ಸ್ವಂತ ಜಿಲ್ಲೆಯಿಂದಲೇ ಗಡಿಪಾರು ಮಾಡಿತು. ದೇಸಾಯಿ ಎಂಬ ಹೆಸರಿನವರು ಒಕ್ಕಲಿನ ಪರ ನಿಂತು ಊರು ಬಿಡಬೇಕಾಗಿ ಬಂದದ್ದು ನನಗೆ ಈ ಇಡೀ ಕಪಾಟಿನ ಬಹಳ ದೊಡ್ಡ ಕಥೆ. 1953ರಲ್ಲಿ ಅವರು ಕೆನರಾ ವೆಲ್‌ಫೇರ್ ಟ್ರಸ್ಟ್ ಶುರು ಮಾಡಿ, ಶಾಲೆ ಇಲ್ಲದ ಕಡೆ ಶಾಲೆ ತೆರೆದರು. 1966ರಲ್ಲಿ ಗೋಖಲೆ ಶತಮಾನೋತ್ಸವದ ಹೆಸರಿನಲ್ಲಿ ಅಂಕೋಲೆಗೆ ಕಾಲೇಜು ಬಂತು. 1967ರಲ್ಲಿ ಪಕ್ಷೇತರರಾಗಿ ಗೆದ್ದು ಲೋಕಸಭೆಗೂ ಹೋದರು.

ಇಷ್ಟೆಲ್ಲ ಓಡಾಡಿದ ಮನುಷ್ಯ ಬರೆದದ್ದು ನಾಲ್ಕು ಸಾಲಿನ ಚೌಪದಿ. ಜನ ಅವರನ್ನು ಚುಟುಕು ಬ್ರಹ್ಮ ಅಂದರು. ಆ ಬಿರುದು ಅವರಿಗೆ ಸ್ವಲ್ಪ ಅನ್ಯಾಯವನ್ನೂ ಮಾಡಿದೆ ಅನ್ನಿಸುತ್ತದೆ. ಚುಟುಕ ಅಂದರೆ ಈಗ ನಗೆಹನಿ ಅಂತ ಆಗಿಬಿಟ್ಟಿದೆ. ಅವರ ಚೌಪದಿಯಲ್ಲಿ ನಗು ಖಂಡಿತ ಇದೆ. ಆದರೆ ಮೂರನೇ ಸಾಲಿನವರೆಗೆ ಆರಾಮಾಗಿ ಬಂದವನು ನಾಲ್ಕನೇ ಸಾಲಿಗೆ ಸುಮ್ಮನಾಗುವ ಹಾಗೆ ಅವರು ಕಟ್ಟುತ್ತಾರೆ. ಬಡವನ ಹೊಟ್ಟೆ, ಪುಢಾರಿಯ ಭಾಷಣ, ದೇವರಿಗೆ ಸಲ್ಲುವ ಕಾಣಿಕೆ ಇವೆಲ್ಲ ಅಲ್ಲಿ ಬರುತ್ತವೆ. ಸತ್ತ ಮೇಲೆ ತನ್ನ ಬೂದಿಯನ್ನು ಏನು ಮಾಡಬೇಕು ಅಂತ ಅವರು ಬರೆದ ಪದ್ಯ ಬಹಳ ಜನರಿಗೆ ಗೊತ್ತು. ಬೂದಿ ಹೋಗಿ ಭತ್ತದ ಗದ್ದೆಯಲ್ಲಿ ಬೀಳಲಿ, ಗೊಬ್ಬರವಾಗಿ ಒಂದು ತೆನೆ ಬಂದರೆ ಸಾಕು ಅನ್ನುತ್ತಾರೆ. ಹೊಳೆಗೆ ಬಿಟ್ಟರೆ ಮೀನಿಗಾದರೂ ಆಹಾರವಾಗಲಿ. ಉತ್ತರ ಕನ್ನಡದ ಜನ ಊಟಕ್ಕೆ ಕೂತಾಗ ಎಲೆಯ ಮೇಲೆ ಇರುವುದು ಅವೆರಡೇ, ಅನ್ನ ಮತ್ತು ಮೀನು. ಹಾಗಾಗಿ ಅದು ಬರೀ ಕವಿಯ ಆಸೆ ಅಲ್ಲ, ಆ ಊರಿನ ಊಟದ ಲೆಕ್ಕವೂ ಹೌದು.

ಅದೇ ಜಿಲ್ಲೆಯ ಘಟ್ಟದ ಮೇಲಿನ ಹಳಿಯಾಳದಲ್ಲಿ 1929ರಲ್ಲಿ ಹುಟ್ಟಿದವರು ಶಾಂತಿನಾಥ ದೇಸಾಯಿ. ಒಂದೇ ಜಿಲ್ಲೆ, ಒಂದೇ ಹೆಸರು, ಇಪ್ಪತ್ತು ವರ್ಷದ ಅಂತರ. ಬರಹ ಮಾತ್ರ ಪೂರ್ತಿ ಬೇರೆ. ದಿನಕರರಿಗೆ ಹೊರಗಿನ ಜಗತ್ತು ಮುಖ್ಯ, ಶಾಂತಿನಾಥರಿಗೆ ಒಳಗಿನದು. 1961ರ 'ಮುಕ್ತಿ' ಕನ್ನಡದಲ್ಲಿ ನವ್ಯ ಕಾದಂಬರಿ ಶುರುವಾದ ಹೊತ್ತಿನ ಮುಖ್ಯ ಪುಸ್ತಕ. ಒಬ್ಬ ಯುವಕ, ಅವನ ಪ್ರೀತಿ, ಅದರಿಂದ ಬಿಡಿಸಿಕೊಳ್ಳುವ ಒದ್ದಾಟ. ಈಗಿನ ಓದುಗರಿಗೆ ಆ ಗೌರೀಶ ತನ್ನ ಬಗ್ಗೆಯೇ ಜಾಸ್ತಿ ಯೋಚಿಸುತ್ತಾನೆ ಅನ್ನಿಸಬಹುದು. ನನಗೂ ಅನ್ನಿಸಿದೆ. ಆದರೂ ಒಬ್ಬ ಮನುಷ್ಯ ತನ್ನ ಮನಸ್ಸಿಗೆ ತಾನೇ ಸುಳ್ಳು ಹೇಳಿಕೊಳ್ಳುವುದನ್ನು ಇಷ್ಟು ಹತ್ತಿರದಿಂದ, ಇಷ್ಟು ಸಲೀಸಾದ ಗದ್ಯದಲ್ಲಿ ಅದಕ್ಕೂ ಮೊದಲು ಕನ್ನಡದಲ್ಲಿ ತೋರಿಸಿದವರು ಕಡಿಮೆ. ಕೊಲ್ಹಾಪುರದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದು, ಆಮೇಲೆ ಕುವೆಂಪು ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. 1998ರಲ್ಲಿ ತೀರಿಕೊಂಡರು. 2000ದಲ್ಲಿ ಅವರ ಕೊನೆಯ ಕಾದಂಬರಿ 'ಓಂ ಣಮೋ'ಗೆ ಅಕಾಡೆಮಿ ಪ್ರಶಸ್ತಿ ಬಂತು. ಅದನ್ನು ಪಡೆಯಲು ಅವರು ಇರಲಿಲ್ಲ.

'ಓಂ ಣಮೋ' ನಮ್ಮ ಕಡೆಯ ಜೈನ ಕುಟುಂಬಗಳ ಕಾದಂಬರಿ. ಕಪಾಟಿನಲ್ಲಿ ಅದಕ್ಕೆ ಅಂಟಿಕೊಂಡೇ ಇನ್ನೊಬ್ಬ ದೇಸಾಯಿ ಕೂತಿದ್ದಾರೆ, ಶಾಸನತಜ್ಞ ಪಿ. ಬಿ. ದೇಸಾಯಿ. ದಕ್ಷಿಣ ಭಾರತದ ಜೈನ ಧರ್ಮ ಮತ್ತು ಜೈನ ಶಾಸನಗಳ ಮೇಲೆ ಅವರು ಇಂಗ್ಲಿಷಿನಲ್ಲಿ ಬರೆದ ದೊಡ್ಡ ಪುಸ್ತಕ 1957ರಲ್ಲಿ ಸೊಲ್ಲಾಪುರದಿಂದ ಹೊರಬಂತು. ಕೊಪ್ಪಳದ ಬೆಟ್ಟ ಒಂದು ಕಾಲದಲ್ಲಿ ಎಷ್ಟು ದೊಡ್ಡ ಜೈನ ತೀರ್ಥವಾಗಿತ್ತು ಅನ್ನೋದು ಆ ಪುಟಗಳಲ್ಲಿ ಕಣ್ಣಿಗೆ ಕಟ್ಟುತ್ತದೆ. ಯಾರೋ ಅನ್ನ ನೀರು ಬಿಟ್ಟು ಸಲ್ಲೇಖನ ವ್ರತದಿಂದ ಜೀವ ಬಿಟ್ಟರು, ಯಾರೋ ಅವರ ನೆನಪಿಗೆ ನಿಸಿಧಿ ಕಲ್ಲು ನಿಲ್ಲಿಸಿದರು, ಇನ್ಯಾರೋ ಬಸದಿಗೆ ಇಷ್ಟು ಮತ್ತರು ಭೂಮಿ ಬಿಟ್ಟರು. ಎರಡು ಮೂರು ಸಾಲಿನಲ್ಲಿ ಒಂದು ಜೀವ ಮುಗಿದಿರುತ್ತದೆ. ಶಾಸನ ಓದುವವನಿಗೆ ಆ ಸಾಲುಗಳಿಗಿಂತ ಆಚೆ ಹೋಗಲು ಅಪ್ಪಣೆ ಇಲ್ಲ. ಪಿ. ಬಿ. ದೇಸಾಯಿಯವರು ಆ ಶಿಸ್ತನ್ನು ಎಲ್ಲೂ ಮುರಿಯುವುದಿಲ್ಲ. ಅದನ್ನು ಓದಿ ಮುಗಿಸಿ 'ಓಂ ಣಮೋ' ಎತ್ತಿಕೊಂಡರೆ ಅದೇ ಧರ್ಮ ಅಡುಗೆಮನೆಗೆ, ಮದುವೆಯ ಮಾತುಕತೆಗೆ, ಗಂಡ ಹೆಂಡಿರ ಜಗಳಕ್ಕೆ ಬಂದಿರುತ್ತದೆ. ನಿಸಿಧಿ ಕಲ್ಲಿನ ಮೇಲಿನ ಹೆಸರಿಗೂ ಹೀಗೊಂದು ಮನೆ ಇತ್ತಲ್ಲ ಅಂತ ಆಗ ಹೊಳೆಯುತ್ತದೆ. ಈ ಎರಡು ಪುಸ್ತಕ ಒಟ್ಟಿಗೆ ಓದಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ. ಹೆಸರು ಪಕ್ಕಪಕ್ಕ ತಂದಿಟ್ಟಿತು, ಅಷ್ಟೇ.

ಮರಾಠಿಯ ರಣಜಿತ್ ದೇಸಾಯಿ ಬೆಳಗಾವಿಗೆ ಹತ್ತಿರದ ಕೋವಾಡದವರು. ಗಡಿಯ ಆಚೆ ಅಷ್ಟೇ. 1962ರ 'ಸ್ವಾಮಿ' ಅವರನ್ನು ಮನೆಮಾತು ಮಾಡಿತು. ಹದಿಹರೆಯದಲ್ಲೇ ಪೇಶ್ವೆಯಾಗಿ, 1772ರಲ್ಲಿ ಇಪ್ಪತ್ತೇಳರ ವಯಸ್ಸಿಗೆ ಕ್ಷಯದಿಂದ ಸತ್ತ ಮಾಧವರಾವ್ ಅದರ ನಾಯಕ. ನಾವು ಕನ್ನಡದವರು ಈ ಕಾದಂಬರಿಯನ್ನು ಪುಣೆಯವರ ಹಾಗೆ ಓದಲಿಕ್ಕಾಗುವುದಿಲ್ಲ. ಮಾಧವರಾಯನ ದಂಡು ಮತ್ತೆ ಮತ್ತೆ ಬಂದದ್ದು ಹೈದರಾಲಿಯ ಮೇಲೆ, ತುಳಿದದ್ದು ನಮ್ಮ ಹೊಲಗಳನ್ನು. ಆದರೂ ಆ ಹುಡುಗ ಸಾಯುವುದನ್ನು ಓದುವಾಗ ಗಂಟಲು ಕಟ್ಟುತ್ತದೆ. ಭಾವುಕತೆ ಕೆಲವು ಕಡೆ ಹದ ಮೀರಿದೆ ಅನ್ನಿಸಿದರೂ ಅವನ ಹೆಂಡತಿ ರಮಾಬಾಯಿಯ ಭಾಗಗಳಲ್ಲಿ ಕಾದಂಬರಿ ಎದ್ದು ನಿಲ್ಲುತ್ತದೆ. ಶಿವಾಜಿಯ ಮೇಲೆ 'ಶ್ರೀಮಾನ್ ಯೋಗಿ', ಕರ್ಣನ ಮೇಲೆ 'ರಾಧೇಯ', ಚಿತ್ರಕಾರ ರವಿವರ್ಮನ ಮೇಲೆ ಒಂದು, ಹೀಗೆ ದೊಡ್ಡವರ ಬದುಕನ್ನೇ ಅವರು ಜಾಸ್ತಿ ಆರಿಸಿಕೊಂಡರು. ಅವರನ್ನು ಮದುವೆಯಾಗಿ ಬೇರಾದ ಮಾಧವಿ ದೇಸಾಯಿ ಆರಿಸಿಕೊಂಡದ್ದು ತಮ್ಮದೇ ಬದುಕನ್ನು. ಅವರ ಆತ್ಮಕಥೆ 'ನಾಚ್ ಗ ಘುಮಾ' ಮರಾಠಿ ಹೆಣ್ಣುಮಕ್ಕಳ ಆತ್ಮಕಥೆಗಳಲ್ಲಿ ಬಹಳ ಚರ್ಚೆಯಾದದ್ದು. ಸಾಹಿತಿಯ ಮನೆಯೊಳಗಿನ ಹೆಂಡತಿಗೆ ಆ ಸಾಹಿತ್ಯ ಹೇಗೆ ಕಾಣುತ್ತದೆ ಅನ್ನೋದನ್ನು ಅದರಷ್ಟು ನೇರವಾಗಿ ಹೇಳಿದ ಪುಸ್ತಕಗಳು ನಮ್ಮಲ್ಲೂ ಹೆಚ್ಚಿಲ್ಲ. 'ಸ್ವಾಮಿ' ಓದಿದವರು ಅದನ್ನೂ ಓದಬೇಕು.

ಗುಜರಾತಿನ ರಮಣಲಾಲ್ ವಸಂತಲಾಲ್ ದೇಸಾಯಿ ಮತ್ತು ಮಗ ಎ. ಆರ್. ದೇಸಾಯಿ ಬಗ್ಗೆ ನಮ್ಮಲ್ಲಿ ಅರ್ಧ ಮಾತ್ರ ಗೊತ್ತು. ಸಮಾಜಶಾಸ್ತ್ರ ಓದಿದವರಿಗೆ ಮಗ ಗೊತ್ತು. 1948ರಲ್ಲಿ ಬಂದ 'ಸೋಶಿಯಲ್ ಬ್ಯಾಕ್‌ಗ್ರೌಂಡ್ ಆಫ್ ಇಂಡಿಯನ್ ನ್ಯಾಷನಲಿಸಂ' ಇವತ್ತಿಗೂ ಪರೀಕ್ಷೆಗೆ ಓದುವವರ ಮೇಜಿನ ಮೇಲೆ ಇರುತ್ತದೆ. ತಂದೆ ಗಾಂಧಿಯುಗದ ಜನಪ್ರಿಯ ಕಾದಂಬರಿಕಾರ. 1857ರ ದಂಗೆಯನ್ನು ಇಟ್ಟುಕೊಂಡು 'ಭಾರೇಲೋ ಅಗ್ನಿ' ಬರೆದರು. ಮಗ ಮಾರ್ಕ್ಸ್‌ವಾದಿ. ಬ್ರಿಟಿಷರು ಭೂಮಿಯ ಒಡೆತನವನ್ನೂ ಕಂದಾಯದ ಪದ್ಧತಿಯನ್ನೂ ಬದಲಿಸಿದಾಗ ಹಳ್ಳಿ ಹೇಗೆ ಬದಲಾಯಿತು ಅನ್ನೋದು ಅವರ ಪುಸ್ತಕದ ಮುಖ್ಯ ಭಾಗ. ಮತ್ತೆ ಅದೇ ಕಂದಾಯ ನೋಡಿ.

ಇಂಗ್ಲಿಷಿನ ಇಬ್ಬರು ದೇಸಾಯಿಗಳಿಗೆ ಬರೋಣ. ಅನಿತಾ ದೇಸಾಯಿ ಅವರ ತಾಯಿ ಜರ್ಮನಿಯವರು, ತಂದೆ ಬಂಗಾಳಿ. ದೇಸಾಯಿ ಎಂಬ ಹೆಸರು ಮದುವೆಯಿಂದ ಬಂದದ್ದು. ಅವರ ಕಾದಂಬರಿಗಳಲ್ಲಿ ನನಗೆ ಬಹಳ ಹತ್ತಿರವಾದದ್ದು 1984ರ 'ಇನ್ ಕಸ್ಟಡಿ'. ದೇವೆನ್ ಎಂಬ ಬಡ ಹಿಂದಿ ಉಪನ್ಯಾಸಕ. ನೂರ್ ಎಂಬ ವಯಸ್ಸಾದ ಉರ್ದು ಕವಿಯ ಸಂದರ್ಶನಕ್ಕೆ ಅವನು ದೆಹಲಿಗೆ ಹೋಗುತ್ತಾನೆ. ಹೇಗೋ ದುಡ್ಡು ಹೊಂದಿಸಿ ಒಂದು ಟೇಪ್ ರೆಕಾರ್ಡರ್ ತರುತ್ತಾನೆ. ಕವಿ ಮಾತಾಡುತ್ತಾನೆ, ಆದರೆ ಬಿರಿಯಾನಿಯ ಬಗ್ಗೆ, ಶರಾಬಿನ ಬಗ್ಗೆ. ಪದ್ಯ ಬರುವ ಹೊತ್ತಿಗೆ ಯಂತ್ರ ಕೈಕೊಟ್ಟಿರುತ್ತದೆ. ಹಳೆಯ ಕಲಾವಿದರನ್ನು ಮಾತಾಡಿಸಿ ಏನಾದರೂ ಉಳಿಸಿಕೊಳ್ಳಬೇಕು ಅಂತ ಹೊರಟ ಯಾರಿಗಾದರೂ ಈ ಸಂಕಟ ಗೊತ್ತು. ಜರ್ಮನ್ ತಾಯಿಯ ಮಗಳು, ಇಂಗ್ಲಿಷಿನಲ್ಲಿ, ಉರ್ದುವಿನ ದುಃಖವನ್ನು ಇಷ್ಟು ಪ್ರೀತಿಯಿಂದ ಬರೆದಿದ್ದಾರೆ. ಬೂಕರ್ ಪ್ರಶಸ್ತಿಯ ಕೊನೆಯ ಪಟ್ಟಿಗೆ ಅವರು ಮೂರು ಸಲ ಬಂದರು. ಪ್ರಶಸ್ತಿ ಸಿಕ್ಕಿದ್ದು ಮಗಳು ಕಿರಣ್ ದೇಸಾಯಿಗೆ, 2006ರಲ್ಲಿ, 'ದ ಇನ್ಹೆರಿಟೆನ್ಸ್ ಆಫ್ ಲಾಸ್' ಕಾದಂಬರಿಗೆ. ಕಾಲಿಂಪಾಂಗಿನ ಮಂಜು, ಗೂರ್ಖಾಲ್ಯಾಂಡ್ ಚಳವಳಿ, ನ್ಯೂಯಾರ್ಕಿನ ಹೋಟೆಲ್ ಅಡುಗೆಮನೆಗಳಲ್ಲಿ ಕಾಗದಪತ್ರ ಇಲ್ಲದೆ ದುಡಿಯುವ ಬಿಜು. ಅವನು ಸುತ್ತುವ ಆ ಅಡುಗೆಮನೆಗಳೇ ಈ ಪುಸ್ತಕದ ಜೀವ ಅಂತ ನನ್ನ ಅಭಿಪ್ರಾಯ.

ಆದರೆ ನಾನು ಹೇಳಬೇಕು ಅಂದುಕೊಂಡದ್ದು ಅದರಲ್ಲಿ ಬರುವ ಹಡಗಿನ ಬಗ್ಗೆ. ಕಾದಂಬರಿಯ ನ್ಯಾಯಾಧೀಶ ಜೆಮುಭಾಯಿ ಪಟೇಲ್ 1939ರಲ್ಲಿ ಹುಡುಗನಾಗಿ ಓದಲಿಕ್ಕೆ ಇಂಗ್ಲೆಂಡಿಗೆ ಹೋಗುತ್ತಾನೆ. ತಾಯಿ ದಾರಿಗೆ ಅಂತ ಪೂರಿ, ಉಪ್ಪಿನಕಾಯಿ, ಬಾಳೆಹಣ್ಣು ಕಟ್ಟಿಕೊಟ್ಟಿದ್ದಾಳೆ. ಕ್ಯಾಬಿನ್ನಿನಲ್ಲಿ ಹಣ್ಣು ಕಳಿತು ವಾಸನೆ ಹೊಡೆಯುತ್ತದೆ. ಜೊತೆಗಿದ್ದವನು ಮೂಗು ಮುರಿಯುತ್ತಾನೆ. ಹುಡುಗ ನಾಚಿಕೆಯಿಂದ ಬುತ್ತಿಯನ್ನು ಸಮುದ್ರಕ್ಕೆ ಎಸೆದುಬಿಡುತ್ತಾನೆ. ತಾಯಿಯ ಮೇಲೆ ಅವನಿಗೆ ಆಗ ಬರುವ ಸಿಟ್ಟು ಮುಂದೆ ಅವನ ಇಡೀ ಬಾಳನ್ನು ಕಹಿ ಮಾಡುತ್ತದೆ.

ಶಾಂತಿನಾಥ ದೇಸಾಯಿಯವರ 'ಕ್ಷಿತಿಜ' ಕಥೆಯೂ ಇಂಗ್ಲೆಂಡಿಗೆ ಹೋಗುವ ಹಡಗಿನದು. ಅಲ್ಲಿ ಹೊರಟವಳು ಮಂದಾಕಿನಿ. ಊರು, ಮನೆ, ಶಿಸ್ತು ಎಲ್ಲ ದಂಡೆಯಲ್ಲಿ ಉಳಿದಿವೆ. ಸುತ್ತ ಬರೀ ನೀರು, ಗುರುತಿಲ್ಲದ ಜನ. ಇಲ್ಲಿ ತನಗೆ ಏನು ಬೇಕು ಅಂತ ಅವಳು ಮೊದಲ ಬಾರಿಗೆ ಕೇಳಿಕೊಳ್ಳಬೇಕಾಗುತ್ತದೆ. ಹುಡುಗ ನಾಚಿಕೆಯಿಂದ ಮುದುಡಿದ ಅದೇ ಹಡಗಿನಲ್ಲಿ ಹುಡುಗಿಗೆ ಸ್ವಲ್ಪ ಉಸಿರಾಡಲು ಜಾಗ ಸಿಗುತ್ತದೆ. ಕಾಲು ಶತಮಾನಕ್ಕೂ ಹೆಚ್ಚು ಅಂತರದಲ್ಲಿ, ಎರಡು ಭಾಷೆಯಲ್ಲಿ ಬರೆದ ಈ ಎರಡು ಪ್ರಯಾಣಗಳನ್ನು ಒಟ್ಟಿಗೆ ಓದಿದಾಗ ಎರಡೂ ಇನ್ನಷ್ಟು ಚೆನ್ನಾಗಿ ಕಂಡವು.

ಮೂರನೆಯ ಹಡಗು ದಿನಕರ ದೇಸಾಯಿಯವರದು. ಅವರು ಮುಂಬಯಿಯಲ್ಲಿ ನಾವಿಕರ ಸಂಘಟನೆಯಲ್ಲೂ ದುಡಿದವರು. ಆ ಕಾಲದಲ್ಲೇ ಇಂಗ್ಲಿಷಿನಲ್ಲಿ 'ಮ್ಯಾರಿಟೈಮ್ ಲೇಬರ್ ಇನ್ ಇಂಡಿಯಾ' ಬರೆದರು. ಚೌಪದಿಯ ಕವಿ ಇಂಥದ್ದೊಂದು ಪುಸ್ತಕ ಬರೆದಿದ್ದಾರೆ ಅಂದರೆ ಸಾಹಿತ್ಯದ ವಿದ್ಯಾರ್ಥಿಗಳೂ ಎಷ್ಟೋ ಸಲ ಹೌದಾ ಅಂತಾರೆ. ಜೆಮುಭಾಯಿ, ಮಂದಾಕಿನಿ ಇಬ್ಬರೂ ಮೇಲಿನ ಅಂತಸ್ತಿನ ಪ್ರಯಾಣಿಕರು. ಅಂಥ ಹಡಗುಗಳ ಕೆಳಗೆ, ಎಂಜಿನ್ನಿನ ಕಾವಿನಲ್ಲಿ ಕಲ್ಲಿದ್ದಲು ಹಾಕುತ್ತಿದ್ದವರು, ಡೆಕ್ ತೊಳೆಯುತ್ತಿದ್ದವರು ನಮ್ಮ ಕರಾವಳಿಯಿಂದಲೂ ಕೊಂಕಣದಿಂದಲೂ ಗೋವೆಯಿಂದಲೂ ಬಂಗಾಳದಿಂದಲೂ ಹೋದ ಬಡ ಜನ. ಲಸ್ಕರ್ ಅಂತ ಅವರನ್ನು ಕರೆಯುತ್ತಿದ್ದರು. ಅದೇ ಹಡಗಿನ ಬಿಳಿಯ ನಾವಿಕರಿಗಿಂತ ಅವರ ಕೂಲಿ ಬಹಳ ಕಡಿಮೆ. ದಲ್ಲಾಳಿಗೆ ಲಂಚ ಕೊಡದೆ ಕೆಲಸ ಹುಟ್ಟುತ್ತಿರಲಿಲ್ಲ. ಕಥೆಗಾರರ ಹಡಗಿನಲ್ಲಿ ಈ ಜನ ಕಾಣಿಸುವುದೇ ಕಮ್ಮಿ.

ದಿನಕರರ ಮಕ್ಕಳ ಪದ್ಯಗಳು, ಚೌಪದಿಗಳು ಮತ್ತೆ ಮತ್ತೆ ಅಚ್ಚಾಗಿವೆ. ಅದು ಆಗಬೇಕಾದದ್ದೇ. ಈ ಇಂಗ್ಲಿಷ್ ಪುಸ್ತಕವೂ ಒಳ್ಳೆಯ ಕನ್ನಡದಲ್ಲಿ ನಮ್ಮ ಕೈಗೆ ಬರಬೇಕು ಅನ್ನೋದು ನನ್ನ ದೊಡ್ಡ ಆಸೆ. ಬಂದರಿನ ಲೆಕ್ಕ, ಕೂಲಿಯ ದರ ಗೊತ್ತಿರುವ, ಕರಾವಳಿಯ ಮಾತು ಬಲ್ಲ ಯಾರಾದರೂ ಆ ಕೆಲಸಕ್ಕೆ ಕೂರಬೇಕು. ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರದ ಎಷ್ಟೋ ಮನೆಗಳಲ್ಲಿ ಅಜ್ಜನೋ ಮುತ್ತಜ್ಜನೋ ಹಡಗಿನ ಮೇಲೆ ಹೋದ ಕಥೆ ಇದೆ. ಆ ಮನೆಯ ಮಕ್ಕಳು ಗಡಿಯಾರದ ಪದ್ಯ ಕಲಿತಾಗಿದೆ. ಅದೇ ಕವಿ ಅವರ ಅಜ್ಜಂದಿರ ಕೂಲಿಯ ಬಗ್ಗೆ ಏನು ಬರೆದಿದ್ದಾರೆ ಅನ್ನೋದೂ ಅವರಿಗೆ ಅವರ ಭಾಷೆಯಲ್ಲೇ ಓದಲು ಸಿಗಲಿ.